ಎತ್ತಿಗೆ ಜ್ವರ, ಎಮ್ಮೆಗೆ ಬರೆ

ನನ್ನ ತಮ್ಮನ ಮನೆಯ ಸಣ್ಣ ಟ್ರ್ಯಾಕ್ಟರಿನ ಎಣ್ಣೆ ಸೋರಿಕೆಯ ಸುದ್ದಿ 2024ರ ದೀಪಾವಳಿಯ ವೇಳೆಗೆ ಬೆಂಗಳೂರಿನ ನೆಂಟರ ಮನೆಗಳನ್ನೂ ತಲುಪಿತ್ತೆಂದು ಆಮೇಲೆ ತಿಳಿಯಿತು. ಸುದ್ದಿಯ ಜೊತೆಗೆ ಒಂದು ಮಾತೂ ಹೋಗಿತ್ತು. ರಿಪೇರಿ ಮಾಡಿದ ಹುಡುಗ ನಕಲಿ ಸೀಲು ಹಾಕಿ ಅಸಲಿಯ ದುಡ್ಡು ತೆಗೆದುಕೊಂಡನಂತೆ ಎಂಬುದೇ ಆ ಮಾತು. ಹುಡುಗ ಎಂದು ನಾವು ಕರೆಯುವ ಅವನಿಗೆ ಈಗ ನಲವತ್ತೈದು ದಾಟಿದೆ. ಅವನು ನನ್ನ ಶಿಷ್ಯ. ಈ ಬರಹಗಳನ್ನು ಓದುವ ನಿಮ್ಮಲ್ಲಿ ನಾಲ್ಕಾರು ಮಂದಿ ಅವನೊಡನೆ ಒಂದೇ ಬೆಂಚಿನಲ್ಲಿ ಕುಳಿತವರು. ಸುದ್ದಿಯ ಪೂರ್ವಾರ್ಧ ಎಷ್ಟು ದೂರ ಹೋಯಿತೋ ಉತ್ತರಾರ್ಧವೂ ಅಷ್ಟೇ ದೂರ ಹೋಗಬೇಕೆಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದು ಬೇಡವೆಂದು ಅವನೇ ಕೇಳಿಕೊಂಡಿದ್ದಾನೆ. ಆದುದರಿಂದ ಅವನನ್ನು ಮೆಕ್ಯಾನಿಕ್ ಎಂದಷ್ಟೇ ಕರೆಯುತ್ತೇನೆ.

ಮೊದಲು ಟ್ರ್ಯಾಕ್ಟರಿನ ವಿಚಾರ. ಅಡಕೆ ತೋಟದಲ್ಲಿ ಮರದಿಂದ ಮರಕ್ಕೆ 2.7 ಮೀಟರ್, ಎಂದರೆ ಒಂಬತ್ತು ಅಡಿ ಅಂತರವಿರಬೇಕೆಂದು ತಜ್ಞರು ಹೇಳುತ್ತಾರೆ. ನಮ್ಮ ಹಿರಿಯರು ನೆಟ್ಟ ತೋಟಗಳಲ್ಲಿ ಅಷ್ಟೂ ಇರುವುದಿಲ್ಲ. ಬಯಲುಸೀಮೆಯ ದೊಡ್ಡ ಟ್ರ್ಯಾಕ್ಟರು ಅಂಥಲ್ಲಿ ನುಗ್ಗಿದರೆ ಮರದ ಬುಡಕ್ಕೂ ಕೇಡು, ಮಣ್ಣಿಗೂ ಕೇಡು. ಹೀಗಾಗಿ ಇಪ್ಪತ್ತು ಅಶ್ವಶಕ್ತಿಗಿಂತ ಕಡಿಮೆಯ, ಅಗಲ ಕಿರಿದಾದ ಸಣ್ಣ ಟ್ರ್ಯಾಕ್ಟರುಗಳು ಮಲೆನಾಡಿನ ತೋಟಗಳಿಗೆ ಬಂದವು. ಹಿಂದೆ ಆಳುಗಳು ತಲೆಹೊರೆಯಲ್ಲಿ ಸಾಗಿಸುತ್ತಿದ್ದ ಗೊಬ್ಬರ, ಸೊಪ್ಪು, ಕೊನೆಗಳನ್ನೆಲ್ಲ ಈಗ ಅವು ಸಾಗಿಸುತ್ತವೆ. ತಲೆಹೊರೆಗೆ ಆಳು ಸಿಗದ ಈ ದಿನಗಳಲ್ಲಿ ಟ್ರ್ಯಾಕ್ಟರು ಒಂದು ವಾರ ನಿಂತರೆ ತೋಟದ ಕೆಲಸ ಒಂದು ತಿಂಗಳು ಹಿಂದೆ ಬೀಳುತ್ತದೆ.

ಇಂಥ ಟ್ರ್ಯಾಕ್ಟರಿನ ಹಿಂಭಾಗ ಒಂದು ದೊಡ್ಡ ಎಣ್ಣೆಯ ಪಾತ್ರೆ ಇದ್ದಂತೆ. ಗೇರುಗಳು ಅದರಲ್ಲೇ ಮುಳುಗಿ ತಿರುಗುತ್ತವೆ. ಹಿಂದಿನ ಸಲಕರಣೆಯನ್ನು ಎತ್ತಿ ಇಳಿಸುವ ಹೈಡ್ರಾಲಿಕ್ ಪಂಪೂ ಹಲವು ಟ್ರ್ಯಾಕ್ಟರುಗಳಲ್ಲಿ ಅದೇ ಎಣ್ಣೆಯನ್ನು ಹೀರುತ್ತದೆ. ಮೂರು ಕೊಂಡಿಗಳ ಜೋಡಣೆ ಮತ್ತು ಹೈಡ್ರಾಲಿಕ್ ಎತ್ತುಗವನ್ನು ಒಂದುಗೂಡಿಸಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. 1939ರಲ್ಲಿ ಹೆನ್ರಿ ಫೋರ್ಡ್‌ನ ಕಾರ್ಖಾನೆಯಿಂದ ಹೊರಬಂದ ಟ್ರ್ಯಾಕ್ಟರಿನ ಮೂಲಕ ಅವನ ಪದ್ಧತಿ ಲೋಕಕ್ಕೆಲ್ಲ ಹರಡಿತು. ಹಗುರವಾದ ಟ್ರ್ಯಾಕ್ಟರು ಭಾರವಾದ ಕೆಲಸ ಮಾಡಬಲ್ಲದೆಂದು ತೋರಿಸಿಕೊಟ್ಟವನು ಅವನೇ. ಇಂದಿನ ಸಣ್ಣ ಟ್ರ್ಯಾಕ್ಟರುಗಳೆಲ್ಲ ಅವನ ಆ ಕಲ್ಪನೆಗೆ ಋಣಿಗಳು.

ಈ ಎಣ್ಣೆಯ ಪಾತ್ರೆಯಿಂದ ಎರಡೂ ಬದಿಗೆ ಚಕ್ರದ ಅಚ್ಚುಗಳು ಹೊರಬರುತ್ತವೆ. ಅಚ್ಚು ತಿರುಗಲೂ ಬೇಕು, ಎಣ್ಣೆ ಹೊರಬರಲೂ ಬಾರದು. ಅದಕ್ಕಾಗಿ ಅಲ್ಲಿ ಆಯಿಲ್ ಸೀಲ್ ಎಂಬ ಬಳೆಯಂಥ ವಸ್ತುವನ್ನು ಕೂರಿಸಿರುತ್ತಾರೆ. ಹೊರಗೆ ಲೋಹದ ಕವಚ, ಒಳಗೆ ರಬ್ಬರಿನ ತೆಳುವಾದ ತುಟಿ, ಆ ತುಟಿಯನ್ನು ಅಚ್ಚಿಗೆ ಒತ್ತಿ ಹಿಡಿಯಲು ಸುತ್ತಲೂ ಒಂದು ಸಣ್ಣ ಸುರುಳಿ ಸ್ಪ್ರಿಂಗು. ನಮ್ಮ ಟ್ರ್ಯಾಕ್ಟರಿನಲ್ಲಿ ಸೀಲಿನ ಆಚೆಗೆ ಇರುವುದು ಬ್ರೇಕಿನ ಡ್ರಮ್ಮು. ಕೆಲವು ಟ್ರ್ಯಾಕ್ಟರುಗಳ ಬ್ರೇಕು ಎಣ್ಣೆಯಲ್ಲಿಯೇ ಕೆಲಸ ಮಾಡುವಂಥದು. ನಮ್ಮದು ಒಣ ಬ್ರೇಕು. ಎಣ್ಣೆ ತಾಗಿದರೆ ಅದರ ಶೂಗಳು ಹಿಡಿಯುವುದಿಲ್ಲ.

ಮಳೆಗಾಲದ ಮೂರು ತಿಂಗಳು ಕೊಟ್ಟಿಗೆಯ ಪಕ್ಕದ ಮಾಡಿನಡಿ ನಿಂತಿದ್ದ ಟ್ರ್ಯಾಕ್ಟರನ್ನು ಅಕ್ಟೋಬರಿನಲ್ಲಿ ಗೊಬ್ಬರ ಸಾಗಿಸಲು ಹೊರತೆಗೆದರು. ಎರಡೇ ದಿನದಲ್ಲಿ ಎಡಗಡೆಯ ಡ್ರಮ್ಮಿನ ಕೆಳಗೆ ಎಣ್ಣೆ ತೊಟ್ಟಿಕ್ಕಿತು. ತಮ್ಮನ ಮಗ ಮೆಕ್ಯಾನಿಕ್‌ನನ್ನು ಕರೆಸಿದ. ಅವನು ಚಕ್ರ ಬಿಚ್ಚಿ, ಹಳೆಯ ಸೀಲು ತೆಗೆದು, ಹೊಸದನ್ನು ಹಾಕಿ ಹೋದ. ನಾಲ್ಕು ದಿನ ಸರಿಯಾಗಿತ್ತು. ಐದನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಟ್ರಾಲಿ ಹೊಡೆದಾಗ ಮತ್ತೆ ಸೋರಿತು. ಅವನು ಮತ್ತೆ ಬಂದ, ಮತ್ತೆ ಸೀಲು ಬದಲಿಸಿದ, ಎರಡನೆಯ ಬಾರಿ ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಮುಂದಿನ ವಾರ ಅದೇ ಕಥೆ.

ಈ ಹಂತದಲ್ಲಿ ಊರಿನ ನಾಲಗೆ ಕೆಲಸ ಮಾಡತೊಡಗಿತು. ಸೊಸೈಟಿಯ ಜಗಲಿಯಲ್ಲಿ ಯಾರೋ ನಕಲಿ ಮಾಲಿನ ಮಾತೆತ್ತಿದರು. ಇನ್ನೊಬ್ಬರು ಅದನ್ನು ಕಂಡಂತೆಯೇ ಹೇಳಿದರು. ಪೇಟೆಯ ಒಂದು ವರ್ಕ್‌ಶಾಪಿನವರು ಟ್ರ್ಯಾಕ್ಟರಿನ ಹಿಂಭಾಗವನ್ನೆಲ್ಲ ಬಿಚ್ಚಬೇಕು, ಬೇರಿಂಗುಗಳನ್ನೂ ಬದಲಿಸಬೇಕು, ನಲವತ್ತು ಸಾವಿರವಾದರೂ ಆದೀತು ಎಂದರು. ಮೆಕ್ಯಾನಿಕ್ ನಮ್ಮ ಮನೆಯ ಕಡೆ ಬರುವುದನ್ನೇ ನಿಲ್ಲಿಸಿದ. ಅವನಿಗೆ ಬರುತ್ತಿದ್ದ ಬೇರೆ ಕೆಲಸಗಳೂ ಕಡಿಮೆಯಾದವು. ಒಬ್ಬ ಕಸಬುದಾರನಿಗೆ ಅವನ ಹೆಸರೇ ಬಂಡವಾಳ. ಅದು ಹೋದರೆ ಸ್ಪ್ಯಾನರು ಹಿಡಿದು ಏನು ಮಾಡುವುದು?

ಹಾನಿ ಹೆಸರಿಗೆ ಮಾತ್ರ ಸೀಮಿತವಾಗಿರಲಿಲ್ಲ. ತೋಟಕ್ಕೆ ಇಳಿಯುವ ನಮ್ಮ ದಾರಿಯನ್ನು ಬಲ್ಲವರು ಬಲ್ಲಿರಿ. ಎಡಕ್ಕೆ ದರೆ, ಬಲಕ್ಕೆ ಕೆರೆ. ಎಡಗಡೆಯ ಬ್ರೇಕಿಗೆ ಎಣ್ಣೆ ತಾಗಿ ಅದು ಜಾರುತ್ತಿತ್ತು, ಬಲಗಡೆಯದು ಮಾತ್ರ ಹಿಡಿಯುತ್ತಿತ್ತು. ಪರಿಣಾಮವಾಗಿ ಪೆಡಲು ತುಳಿದಾಗಲೆಲ್ಲ ಟ್ರ್ಯಾಕ್ಟರು ಬಲಕ್ಕೆ, ಎಂದರೆ ಕೆರೆಯ ಕಡೆಗೆ ಎಳೆಯುತ್ತಿತ್ತು. ಒಮ್ಮೆ ತುಂಬಿದ ಟ್ರಾಲಿಯೊಡನೆ ಹಾಗೆ ಎಳೆದಾಗ ತಮ್ಮನ ಮಗ ಮುಖ ಬಿಳಿಚಿಕೊಂಡು ಮನೆಗೆ ಬಂದ. ಅಂದು ಸಂಜೆ ಅವನು, “ದೊಡ್ಡಪ್ಪ, ಇದರ ಮೂಲ ಏನೂಂತ ನೀವೊಮ್ಮೆ ನೋಡ್ತೀರಾ?” ಎಂದು ಕೇಳಿದ. ನಾನು, “ನೋಡುವವನು ನಾನಲ್ಲ. ಅವನನ್ನೇ ಕರೆಸು. ಆದರೆ ಈ ಸಲ ಅವನಿಗೆ ಎರಡು ದಿನ ಸಮಯ ಕೊಡು,” ಎಂದೆ. ಮೊದಲೆರಡು ಸಲವೂ ಗಾಡಿ ನಾಳೆಯೇ ಬೇಕೆಂದು ಅವಸರ ಮಾಡಿದ್ದರು. ಎರಡು ಸಲವೂ ಅವನು ಗಾಡಿಯನ್ನು ನೋಡಿದ್ದು ಬೆಳಗಿನ ಹೊತ್ತು, ಅದು ತಣ್ಣಗಿದ್ದಾಗ. ವೈದ್ಯರ ಬಳಿ ಜ್ವರ ಬಿಟ್ಟ ಮೇಲೆ ಮಗುವನ್ನು ಕರೆದೊಯ್ದರೆ ಅವರಿಗಾದರೂ ಏನು ಕಂಡೀತು?

ನಾನೇ ಹೋಗಿ ಅವನನ್ನು ಕರೆದೆ. “ಸರ್, ನನ್ನಿಂದ ಆಗಲಿಲ್ಲ ಅಂದಮೇಲೆ ಮತ್ತೆ ಯಾಕೆ?” ಎಂದ. “ಪ್ರಯೋಗಶಾಲೆಯಲ್ಲಿ ಒಂದು ಪ್ರಯೋಗ ಸರಿಬರದಿದ್ದರೆ ನಾವು ಏನು ಮಾಡುತ್ತಿದ್ದೆವು?” ಎಂದು ಕೇಳಿದೆ. ಸ್ವಲ್ಪ ನಕ್ಕ. ಮರುದಿನ ಬಂದ.

ಸೋರಿಕೆಯನ್ನು ಹುಡುಕುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಯಂತ್ರ ಯಾವುದಾದರೂ ಇದು ಉಪಯೋಗಕ್ಕೆ ಬರುತ್ತದೆ.

ಮೊದಲ ಪ್ರಶ್ನೆ, ಸೋರುತ್ತಿರುವುದು ಏನು? ರಾತ್ರಿ ಟ್ರ್ಯಾಕ್ಟರಿನ ಅಡಿಯಲ್ಲಿ ರಟ್ಟಿನ ಹಾಳೆಗಳನ್ನು ಹಾಸಿಟ್ಟೆವು. ಎಂಜಿನ್ ಆಯಿಲ್ ಸ್ವಲ್ಪ ಕಾಲ ಓಡಿದ ಮೇಲೆ ಕಪ್ಪಾಗಿರುತ್ತದೆ. ಡೀಸೆಲ್ ನೀರಿನಂತೆ ತೆಳು, ವಾಸನೆಯಿಂದಲೇ ತಿಳಿಯುತ್ತದೆ. ರೇಡಿಯೇಟರಿನ ಕೂಲಂಟಿಗೆ ಹಸಿರೋ ಕೆಂಪೋ ಬಣ್ಣ ಹಾಕಿರುತ್ತಾರೆ. ಗೇರ್‌ ಬಾಕ್ಸಿನ ಎಣ್ಣೆ ಜೇನಿನ ಬಣ್ಣದ್ದು, ಬೆರಳಿಗೆ ಜಿಗುಟು. ಬೆಳಿಗ್ಗೆ ರಟ್ಟಿನ ಮೇಲೆ ಎಡ ಡ್ರಮ್ಮಿನ ಕೆಳಗೆ ಮಾತ್ರ ಜೇನುಬಣ್ಣದ ಎರಡು ತೊಟ್ಟುಗಳಿದ್ದವು. ಡಿಪ್‌ಸ್ಟಿಕ್ ತೆಗೆದು ನೋಡಿದೆವು. ಎಣ್ಣೆ ಗೆರೆಗಿಂತ ಮೇಲಿರಲಿಲ್ಲ. ಎಣ್ಣೆ ಅತಿಯಾಗಿ ತುಂಬಿದ್ದರೂ ಸೀಲುಗಳು ಸೋರುತ್ತವೆ. ಹಾಲಿನಂತೆ ಬಿಳಿಚಿಯೂ ಇರಲಿಲ್ಲ. ಹಾಗಿದ್ದರೆ ನೀರು ಸೇರಿದೆಯೆಂದು ಅರ್ಥ.

ಎರಡನೆಯದು, ಸೋರುವ ಜಾಗ ಯಾವುದು? ಎಣ್ಣೆ ಹೊರಬಿದ್ದ ಜಾಗ ಒಂದು, ತೊಟ್ಟಿಕ್ಕುವ ಜಾಗ ಇನ್ನೊಂದು ಇರಬಹುದು. ಅದು ಲೋಹದ ಮೈಮೇಲೆ ಹರಿದು, ಧೂಳಿನೊಡನೆ ಬೆರೆತು, ಎಲ್ಲಿಂದ ಬಂತೆಂಬುದೇ ತಿಳಿಯದಂತೆ ಮಾಡುತ್ತದೆ. ಹಾಗಾಗಿ ಮೆಕ್ಯಾನಿಕ್ ಇಡೀ ಹಿಂಭಾಗವನ್ನು ಡೀಸೆಲ್ ಮತ್ತು ಬ್ರಶ್ಶಿನಿಂದ ತೊಳೆದು ಬಟ್ಟೆಯಿಂದ ಒರೆಸಿದ. ಒಣಗಿದ ಮೇಲೆ ನಾನು ಮನೆಯಲ್ಲಿದ್ದ ಸೀಮೆಸುಣ್ಣದ ಕಡ್ಡಿಗಳನ್ನು ಅರೆದು ತಂದ ಪುಡಿಯನ್ನು ಜೋಡಣೆಗಳ ಮೇಲೆಲ್ಲ ಹಚ್ಚಿದೆವು. ಇದು ನನ್ನ ಆವಿಷ್ಕಾರವೇನೂ ಅಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ರೈಲ್ವೆ ಕಾರ್ಖಾನೆಗಳಲ್ಲಿ ಲೋಹದ ಭಾಗಗಳ ಬಿರುಕು ಪತ್ತೆಗೆ ಈ ಉಪಾಯವಿತ್ತು. ಭಾಗವನ್ನು ಎಣ್ಣೆಯಲ್ಲಿ ನೆನೆಸಿ, ಒರೆಸಿ, ಮೇಲೆ ಸುಣ್ಣದ ಪುಡಿಯ ಲೇಪ ಕೊಡುತ್ತಿದ್ದರು. ಬಿರುಕಿನಲ್ಲಿ ಉಳಿದ ಎಣ್ಣೆ ಒಸರಿ ಬಿಳಿಯ ಮೇಲೆ ಕಪ್ಪು ಗೆರೆ ಮೂಡಿಸುತ್ತಿತ್ತು. ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಸವೆಸಿದ ವಸ್ತು ಇಲ್ಲಿಯೂ ಬರೆಯಬಲ್ಲದೆಂಬುದು ನನಗೆ ಸಂತೋಷ ಕೊಟ್ಟಿತು.

ಮೂರನೆಯದು, ಸೋರುವುದು ಯಾವಾಗ? ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಿಲ್ಲಿಸಿದ ಗಾಡಿಯನ್ನು ಒಂದು ರಾತ್ರಿ ಹಾಗೆಯೇ ಬಿಟ್ಟೆವು; ಪುಡಿ ಒಣಗಿಯೇ ಇತ್ತು. ಎಂಜಿನ್ನನ್ನು ಕಾಲು ಗಂಟೆ ನಿಂತಲ್ಲೇ ಓಡಿಸಿದೆವು; ಒಣಗಿಯೇ ಇತ್ತು. ಹಿಂದೆ ಭಾರ ಕಟ್ಟಿ ಹೈಡ್ರಾಲಿಕ್‌ನಿಂದ ಹತ್ತಿಪ್ಪತ್ತು ಸಲ ಎತ್ತಿ ಇಳಿಸಿದೆವು, ಆಗಲೂ ಒಣಗಿತ್ತು. ಕೊನೆಗೆ ಕೆರೆಯ ದಾರಿಯನ್ನು ಬಿಟ್ಟು ಮೇಲಿನ ಸಮತಟ್ಟಾದ ಗದ್ದೆಯಲ್ಲಿ ತುಂಬಿದ ಟ್ರಾಲಿಯೊಡನೆ ಒಂದು ಗಂಟೆ ಓಡಿಸಿ ಬಂದೆವು. ಗೇರ್‌ ಬಾಕ್ಸು ಮುಟ್ಟಲಾರದಷ್ಟು ಬಿಸಿಯಾಗಿತ್ತು. ಎಡ ಡ್ರಮ್ಮಿನ ಕೆಳಗೆ ಪುಡಿ ಒದ್ದೆಯಾಗಿತ್ತು. ಅಷ್ಟೇ ಅಲ್ಲ, ಎತ್ತುಗದ ಅಚ್ಚಿನ ಸುತ್ತ ಒಂದು ತೇವದ ಉಂಗುರ, ಗೇರ್ ಕಡ್ಡಿಯ ಬುಡದಲ್ಲಿ ಇನ್ನೊಂದು ಉಂಗುರ ಮೂಡಿದ್ದವು.

ಮೆಕ್ಯಾನಿಕ್ ಆ ಉಂಗುರಗಳನ್ನು ಬಹಳ ಹೊತ್ತು ನೋಡಿದ. “ಸರ್, ಒಂದೇ ಸಲಕ್ಕೆ ಮೂರು ಕಡೆ ಸೀಲು ಹಾಳಾಗೋದಿಲ್ಲ. ಒಳಗಿಂದ ಏನೋ ದೂಡ್ತಿದೆ,” ಎಂದ. ಬಟ್ಟೆ ಮಡಚಿ ಹಿಡಿದು ಎಣ್ಣೆ ತುಂಬುವ ಮುಚ್ಚಳವನ್ನು ಮೆಲ್ಲನೆ ಸಡಿಲಿಸಿದ. ಒಳಗಿನಿಂದ ಬುಸ್ ಎಂದು ಗಾಳಿ ಬಂತು. “ಉಸಿರು ಕಟ್ಟಿದೆ ಸರ್ ಇದಕ್ಕೆ!” ಎಂದ.

ಗೇರ್‌ ಬಾಕ್ಸಿನ ನೆತ್ತಿಯಲ್ಲಿ, ಸೀಟಿನ ಕೆಳಗೆ, ನಾಯಿಕೊಡೆಯ ಆಕಾರದ ಒಂದು ಸಣ್ಣ ಟೋಪಿಯಿದೆ. ಅದಕ್ಕೆ ಬ್ರೀದರ್ ಎನ್ನುತ್ತಾರೆ. ಅದರೊಳಗಿನ ರಂಧ್ರದ ಮೂಲಕ ಒಳಗಿನ ಗಾಳಿ ಬಿಸಿಯಾದಾಗ ಹೊರಗೆ ಹೋಗುತ್ತದೆ, ತಣಿದಾಗ ಒಳಗೆ ಬರುತ್ತದೆ. ಅದನ್ನು ಬಿಚ್ಚಿ ನೋಡಿದರೆ ರಂಧ್ರ ಪೂರ್ತಿ ಮಣ್ಣಿನಿಂದ ಮುಚ್ಚಿತ್ತು. ಕೆಸರು ಸಿಡಿದು ಕೂತ ಮಣ್ಣಲ್ಲ; ಯಾರೋ ನಯವಾಗಿ ಮೆತ್ತಿದಂತಿದ್ದ ಗಟ್ಟಿ ಮಣ್ಣು. ತಂತಿಯಿಂದ ಕೆದಕಿದಾಗ ಮಣ್ಣಿನೊಡನೆ ಒಣಗಿದ ಎರಡು ಹಸಿರು ಹುಳುಗಳು ಉದುರಿದವು. ಬೀಗದ ಕಿಂಡಿಯಲ್ಲಿ, ಕಿಟಕಿಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ ನಿಮಗೆಲ್ಲ ಗೊತ್ತು. ನಮ್ಮ ಕಡೆ ಕುಂಬಾರ ಹುಳು ಎನ್ನುತ್ತೇವೆ. ಗಾಡಿ ನಿಂತಿದ್ದ ಕಾಲದಲ್ಲಿ ಅದು ಅಲ್ಲಿ ಬಿಡಾರ ಮಾಡಿತ್ತು.

ಈ ಹುಳುವಿನ ಮೇಲೆ ನಮ್ಮ ಹಿರಿಯರು ಕೀಟಭ್ರಮರ ನ್ಯಾಯವೆಂಬ ದೃಷ್ಟಾಂತವನ್ನೇ ಕಟ್ಟಿದರು. ಭ್ರಮರವು ಹುಳುವನ್ನು ತಂದು ಗೂಡಿನಲ್ಲಿಡುತ್ತದೆ. ಹುಳು ಭಯದಿಂದ ಸದಾ ಭ್ರಮರವನ್ನೇ ನೆನೆದು ಕೊನೆಗೆ ತಾನೇ ಭ್ರಮರವಾಗುತ್ತದೆ ಎಂಬುದು ಅದರ ತಾತ್ಪರ್ಯ. ಧ್ಯಾನದ ಮಹಿಮೆಗೆ ಸೊಗಸಾದ ಹೋಲಿಕೆ. ಆದರೆ ಗೂಡನ್ನು ಒಡೆದು ನೋಡಿದವರು ಕಂಡದ್ದು ಬೇರೆ. ಕಣಜ ಹುಳುವನ್ನು ಕುಟುಕಿ, ಜಡಗೊಳಿಸಿ, ತನ್ನ ಮೊಟ್ಟೆಯೊಡನೆ ಇಟ್ಟು ಬಾಗಿಲು ಮುಚ್ಚುತ್ತದೆ. ಮರಿ ಆ ಹುಳುವನ್ನು ತಿಂದು ಬೆಳೆದು ಹೊರಬರುತ್ತದೆ. ಒಳಗೆ ಹೋದದ್ದು ಹುಳು, ಹೊರಗೆ ಬಂದದ್ದು ಕಣಜ. ನಡುವೆ ನಡೆದದ್ದನ್ನು ಕಾಣದೆ ಕಾರಣ ಹೇಳಹೊರಟರೆ ಹೀಗಾಗುತ್ತದೆ. ಸೊಸೈಟಿಯ ಜಗಲಿಯಲ್ಲಿ ಆದದ್ದೂ ಇದೇ. ಒಳಗೆ ಹೋದದ್ದು ಹೊಸ ಸೀಲು, ಹೊರಗೆ ಬಂದದ್ದು ಎಣ್ಣೆ. ನಡುವಣ ಸಂಗತಿ ಯಾರಿಗೂ ಬೇಕಿರಲಿಲ್ಲ.

ನಡುವಣ ಸಂಗತಿ ನಿಮ್ಮ ಪಾಠಪುಸ್ತಕದಲ್ಲೇ ಇತ್ತು. ಮುಚ್ಚಿದ ಪಾತ್ರೆಯ ಗಾಳಿಯನ್ನು 27 ಡಿಗ್ರಿಯಿಂದ 77 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಮಾಡಿದರೆ, ಕೆಲ್ವಿನ್ ಲೆಕ್ಕದಲ್ಲಿ ಅದು 300ರಿಂದ 350ಕ್ಕೆ ಏರಿದಂತೆ. ಒತ್ತಡ ಆರನೆಯ ಒಂದು ಪಾಲು ಹೆಚ್ಚುತ್ತದೆ. ಎಂದರೆ ಚದರ ಸೆಂಟಿಮೀಟರಿಗೆ ಸುಮಾರು 170 ಗ್ರಾಂ. ಜೊತೆಗೆ ಎಣ್ಣೆಯೂ ಹಿಗ್ಗಿ ಗಾಳಿಯ ಜಾಗವನ್ನು ಕಿರಿದುಮಾಡುವುದರಿಂದ ಒತ್ತಡ ಇನ್ನೂ ಏರುತ್ತದೆ. ಇಂಥ ಸೀಲು ಎಣ್ಣೆಯ ಎರಚಲನ್ನು ತಡೆಯಲು ಮಾಡಿದ್ದು, ಒತ್ತಡವನ್ನು ಹೊತ್ತು ನಿಲ್ಲಲು ಮಾಡಿದ್ದಲ್ಲ. ಹಾಗಾದರೆ ಎಡಗಡೆಯೇ ಏಕೆ ಹೆಚ್ಚು ಸೋರಿತು ಎಂದು ತಮ್ಮನ ಮಗ ಕೇಳಿದ, ಒಳ್ಳೆಯ ಪ್ರಶ್ನೆ. ಪಾಸ್ಕಲನ ನಿಯಮದಂತೆ ಒತ್ತಡ ಎಲ್ಲ ಕಡೆಗೂ ಸಮನಾಗಿಯೇ ಇರುತ್ತದೆ, ಆದರೆ ದಾರಿ ಬಿಡುವುದು ದುರ್ಬಲವಾದ ಕಡೆ. ಎಡಗಡೆಯ ಅಚ್ಚಿನಲ್ಲಿ ಹಳೆಯ ಸೀಲಿನ ತುಟಿ ಉಜ್ಜಿದ ಸಣ್ಣ ಸವಕಳಿಯ ಗೆರೆಯೊಂದು ಇತ್ತು. ಮಾಮೂಲಿ ಕಾಲದಲ್ಲಿ ಅದರಿಂದ ಏನೂ ಆಗದು. ಒಳಗಿನಿಂದ ಒತ್ತಡ ಬಿದ್ದಾಗ ಎಣ್ಣೆಗೆ ಅದೇ ಹೆದ್ದಾರಿ.

ಕಣಜದ ಗೂಡನ್ನು ಸಣ್ಣ ಸಂಗತಿಯೆಂದು ತಿಳಿಯಬೇಡಿ. 1996ರ ಫೆಬ್ರವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ವಿಮಾನವೊಂದು ಸಮುದ್ರಕ್ಕೆ ಬಿದ್ದು 189 ಮಂದಿಯೂ ತೀರಿಕೊಂಡರು. ವೇಗವನ್ನು ಅಳೆಯುವ ಪಿಟೋ ಕೊಳವೆ ಮುಚ್ಚಿಹೋಗಿ ಮಾಪಕ ತಪ್ಪು ವೇಗ ತೋರಿಸಿತ್ತು. ವಿಮಾನ ಹಲವು ದಿನ ನಿಂತಿದ್ದಾಗ ಆ ಕೊಳವೆಯಲ್ಲಿ ಇಂಥದೇ ಕಣಜ ಗೂಡು ಕಟ್ಟಿದ್ದಿರಬೇಕೆಂದು ತನಿಖೆ ನಡೆಸಿದವರು ಊಹಿಸಿದರು.

ಬ್ರೀದರನ್ನು ಡೀಸೆಲಿನಲ್ಲಿ ನೆನೆಸಿ, ಊದಿ, ತಂತಿ ಆಡಿಸಿ ಚೊಕ್ಕಟ ಮಾಡಿ ಮತ್ತೆ ಕೂರಿಸಿದ. ಬಳಿಕ ಚಕ್ರಕ್ಕೆ ಅಡ್ಡಗಟ್ಟೆಯಿಟ್ಟು, ಜಾಕ್ ಒಂದನ್ನೇ ನಂಬದೆ ಅಡಿಗೆ ಮರದ ದಿಮ್ಮಿ ಕೊಟ್ಟು, ಡ್ರಮ್ಮು ಬಿಚ್ಚಿದ. ಸೀಲನ್ನು ನನಗೂ ತಮ್ಮನ ಮಗನಿಗೂ ತೋರಿಸಿದ. ಸ್ಪ್ರಿಂಗಿರುವ ತುಟಿ ಎಣ್ಣೆಯ ಕಡೆಗೇ ಮುಖ ಮಾಡಿತ್ತು, ಎಲ್ಲೂ ಓರೆಯಾಗಿರಲಿಲ್ಲ, ತುಟಿಯಲ್ಲಿ ಗೀರಿರಲಿಲ್ಲ. ಅದನ್ನು ಬದಲಿಸಲೇ ಇಲ್ಲ. ಎಣ್ಣೆ ಕುಡಿದ ಬ್ರೇಕ್ ಲೈನಿಂಗುಗಳನ್ನು ಮಾತ್ರ ಎರಡೂ ಬದಿಯಲ್ಲಿ ಹೊಸದು ಹಾಕಿದ. ಒಮ್ಮೆ ನೆನೆದ ಲೈನಿಂಗನ್ನು ಎಷ್ಟು ಒರೆಸಿದರೂ ನಂಬುವಂತಿಲ್ಲ, ಒಂದೇ ಬದಿ ಹೊಸದಾದರೆ ಮತ್ತೆ ಎಳೆಯುತ್ತದೆ. ಹೊಸದಾಗಿ ಸೀಮೆಸುಣ್ಣ ಹಚ್ಚಿ ಎರಡು ಗಂಟೆ ಟ್ರಾಲಿ ಹೊಡೆದೆವು. ಪುಡಿ ಒಣಗಿಯೇ ಉಳಿಯಿತು. ಊರು ನಕಲಿ ಎಂದು ಹೆಸರಿಟ್ಟ ಆ ಸೀಲೇ ಒಂದು ವರ್ಷವಾದರೂ ಅಲ್ಲಿದೆ, ತೊಟ್ಟೂ ಸೋರಿಲ್ಲ.

ತಮ್ಮನ ಮಗ ಮರುದಿನ ಅವನ ಅಂಗಡಿಗೆ ಹೋಗಿ ಎರಡನೆಯ ಸಲದ ಕೂಲಿಯನ್ನೂ ಕೊಟ್ಟು, “ತಪ್ಪು ತಿಳ್ಕೋಬೇಡ ಅಣ್ಣ,” ಎಂದನಂತೆ. ಸೊಸೈಟಿಯ ಜಗಲಿಯಲ್ಲಿಯೂ ಅವನೇ ನಿಂತು ಎಲ್ಲವನ್ನೂ ಹೇಳಿದ. ಅದು ನನಗೆ ಲೈನಿಂಗು ಬದಲಿಸಿದ್ದಕ್ಕಿಂತ ದೊಡ್ಡ ರಿಪೇರಿಯಾಗಿ ಕಂಡಿತು.

ಟ್ರ್ಯಾಕ್ಟರು ಇಟ್ಟುಕೊಂಡವರಿಗೆ ಎರಡು ಮಾತು. ಹೈಡ್ರಾಲಿಕ್ ಪೈಪಿನಲ್ಲಿ ಸೋರಿಕೆಯ ಸಂಶಯವಿದ್ದರೆ ಎಂದೂ ಕೈಯಾಡಿಸಿ ಹುಡುಕಬೇಡಿ. ಅಲ್ಲಿಯ ಒತ್ತಡ ಚದರ ಸೆಂಟಿಮೀಟರಿಗೆ ನೂರಾರು ಕಿಲೋ ಇರಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ಚಿಲುಮೆ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ. ನೋವು ಕಡಿಮೆಯೆಂದು ಸುಮ್ಮನಿದ್ದರೆ ಬೆರಳು ಕಳೆದುಕೊಳ್ಳಬೇಕಾದೀತು. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹುಡುಕಲು ರಟ್ಟನ್ನು ಹಿಡಿಯಿರಿ, ಬಿಚ್ಚುವ ಮುನ್ನ ಎತ್ತಿದ ಸಲಕರಣೆಯನ್ನು ನೆಲಕ್ಕಿಳಿಸಿ. ಇನ್ನೊಂದು, ದುಡಿದು ಬಂದ ಬಿಸಿ ಗಾಡಿಯ ಮೇಲೆ ತಣ್ಣೀರು ಹೊಯ್ಯಬೇಡಿ. ಒಳಗಿನ ಗಾಳಿ ತಟ್ಟನೆ ಕುಗ್ಗಿ, ಬ್ರೀದರಿನಿಂದಲೋ ಸೀಲುಗಳ ಸಂದಿನಿಂದಲೋ ನೀರನ್ನು ಒಳಗೆಳೆದುಕೊಳ್ಳಬಹುದು.

ನಮ್ಮ ಮನೆಯಲ್ಲಿ ಈಗ ಆಯುಧಪೂಜೆಗೆ ಒಂದು ವಿಧಿ ಹೆಚ್ಚಾಗಿದೆ. 2025ರ ಅಕ್ಟೋಬರಿನಲ್ಲಿ ಟ್ರ್ಯಾಕ್ಟರು ತೊಳೆದು ಕುಂಕುಮ ಹಚ್ಚುವ ಮೊದಲು ತಮ್ಮನ ಮಗ ಬ್ರೀದರು ಬಿಚ್ಚಿ ನೋಡಿದ. ರಂಧ್ರದ ಅಂಚಿನಲ್ಲಿ ಆಗಲೇ ಅರ್ಧ ಉಂಗುರದಷ್ಟು ಹಸಿ ಮಣ್ಣು ಮೆತ್ತಿತ್ತು. ಅದನ್ನು ತೆಗೆದು ಹಾಕಿ, ಚೆಂಡುಹೂವಿನ ಮಾಲೆ ಏರಿಸಿದ.